ಪುಸ್ತಕ ಪ್ರಕಾಶನ: ನಷ್ಟದ ಹೊಣೆ ಯಾರದು?

ಬಸವನಗುಡಿಯ ನಮ್ಮ ಮನೆಯಲ್ಲಿ ಮಂಚದ ಕೆಳಗೆ ಹನ್ನೊಂದು ಕಟ್ಟು ಪುಸ್ತಕಗಳಿವೆ. ಕಟ್ಟೊಂದಕ್ಕೆ ಐವತ್ತು ಪ್ರತಿ. 2015ರಲ್ಲಿ ಬ್ಯಾಂಕ್ ನೌಕರಿಯಿಂದ ನಿವೃತ್ತನಾದ ಹುಮ್ಮಸ್ಸಿನಲ್ಲಿ ನಾನು ಪ್ರಕಟಿಸಿದ ಮೊದಲ ಕೃತಿಯ ಅವಶೇಷಗಳು ಅವು. ಕನ್ನಡ ಪುಸ್ತಕವೆಂದರೆ ಸಾವಿರ ಪ್ರತಿ ಅಚ್ಚು ಹಾಕಿಸಬೇಕೆಂಬುದು ಆಗ ನನಗೆ ಪ್ರಶ್ನಿಸಬಾರದ ಶಾಸ್ತ್ರವಾಗಿತ್ತು. ಬಿಡುಗಡೆ ಸಮಾರಂಭದ ದಿನ ನೂರಿಪ್ಪತ್ತು ಪ್ರತಿಗಳು ಖಾಲಿಯಾದವು. ಅವುಗಳಲ್ಲಿ ನಲವತ್ತು ವೇದಿಕೆಯ ಮೇಲಿದ್ದವರಿಗೂ ಬಂಧುಬಳಗಕ್ಕೂ ಉಚಿತವಾಗಿ ಸಂದಿದ್ದವು. ಮುಂದಿನ ಹತ್ತು ವರ್ಷಗಳಲ್ಲಿ ಮಾರಾಟವಾದದ್ದು ಮುನ್ನೂರಮೂವತ್ತು.

ಕಳೆದ ತಿಂಗಳು ಪರಿಚಿತರೊಬ್ಬರ ಮಗ ಮನೆಗೆ ಬಂದಿದ್ದ. ಸಾಫ್ಟ್‌ವೇರ್ ಉದ್ಯೋಗಿ, ಸ್ವಂತದ್ದೊಂದು ಪುಟ್ಟ ಪ್ರಕಾಶನ ಸಂಸ್ಥೆ ಆರಂಭಿಸಬೇಕೆಂಬ ಆಸೆ. ‘ಅಂಕಲ್, ಎಷ್ಟು ಬಂಡವಾಳ ಬೇಕಾಗುತ್ತದೆ?’ ಎಂದು ಕೇಳಿದ. ಒಂದು ಪುಸ್ತಕಕ್ಕೆ ಸುಮಾರು ಒಂದು ಲಕ್ಷ ಎಂದೆ. ಅವನ ಮುಖ ಅರಳಿತು. ಅವನ ತಿಂಗಳ ಸಂಬಳಕ್ಕಿಂತ ಅದು ಕಡಿಮೆಯೇ ಇದ್ದಿರಬೇಕು. ಆ ಲಕ್ಷ ಹೋದರೆ ಯಾರದು ಹೋಗಬೇಕು ಎಂಬುದನ್ನು ಈಗಲೇ ತೀರ್ಮಾನಿಸಿಕೋ ಎಂದಾಗ ಮಾತ್ರ ಅವನಿಗೆ ನನ್ನ ಮಾತು ಅರ್ಥವಾಗಲಿಲ್ಲ.

ಪ್ರಕಾಶಕನೆನಿಸಿಕೊಳ್ಳುವುದು ನಮ್ಮ ದೇಶದಲ್ಲಿ ಬಹಳ ಸುಲಭ. ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಐಎಸ್‌ಬಿಎನ್ ಸಂಖ್ಯೆಯನ್ನು ಉಚಿತವಾಗಿ ನೀಡುತ್ತದೆ. 1954ರ ಕಾಯ್ದೆಯಂತೆ ಪ್ರಕಟಣೆಯಾದ ಮೂವತ್ತು ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ ಕಳಿಸಬೇಕು. ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೂ ಒಂದೊಂದು ಸಲ್ಲಬೇಕು. ಹಾಗೆ ಕಳಿಸುವ ಕನ್ನಡ ಪ್ರಕಾಶಕರು ಎಷ್ಟು ಮಂದಿ ಎಂಬ ಮಾತು ಇಲ್ಲಿ ಬೇಡ. ಡಿಟಿಪಿ, ಮುಖಪುಟ, ಮುದ್ರಣ, ಬೈಂಡಿಂಗ್ ಎಲ್ಲವೂ ಬೆಂಗಳೂರಿನಲ್ಲಿ ಒಂದೇ ರಸ್ತೆಯಲ್ಲಿ ದೊರೆಯುತ್ತವೆ.

ಕಷ್ಟವಿರುವುದು ಲೆಕ್ಕದಲ್ಲಿ. ಡೆಮ್ಮಿ ಆಕಾರದ ಇನ್ನೂರು ಪುಟಗಳ ಪುಸ್ತಕಕ್ಕೆ ಇನ್ನೂರು ರೂಪಾಯಿ ಬೆಲೆ ಇಟ್ಟೆವೆನ್ನಿ. ಸಾವಿರ ಪ್ರತಿ ಹಾಕಿಸಿದರೆ ಕಾಗದ, ಮುದ್ರಣ, ಬೈಂಡಿಂಗ್ ಸೇರಿ ಪ್ರತಿಯೊಂದಕ್ಕೆ ನನಗೆ ಎಪ್ಪತ್ತೈದು ರೂಪಾಯಿ ಬೀಳುತ್ತದೆ. ಅಂಗಡಿಯವರ ಕಮಿಷನ್ ಶೇ 40, ಅಂದರೆ ಎಂಬತ್ತು. ಲೇಖಕರ ಗೌರವಧನ ಶೇ 10, ಇಪ್ಪತ್ತು. ಉಳಿಯುವುದು ಇಪ್ಪತ್ತೈದು. ಸಾವಿರಕ್ಕೆ ಸಾವಿರವೂ ಮಾರಾಟವಾದರೆ ಇಪ್ಪತ್ತೈದು ಸಾವಿರ ಕೈಸೇರಬೇಕು. ಅಕ್ಷರ ಜೋಡಣೆ, ಕರಡು ತಿದ್ದುವಿಕೆ, ಮುಖಪುಟ ವಿನ್ಯಾಸಗಳಿಗೆ ಮೊದಲೇ ಅಷ್ಟು ಖರ್ಚಾಗಿರುತ್ತದೆ. ಇದರ ಮೇಲೆ, 2025ರ ಸೆಪ್ಟೆಂಬರ್‌ನಲ್ಲಿ ಪುಸ್ತಕ ಮುದ್ರಣದ ಕಾಗದದ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 18ಕ್ಕೆ ಏರಿತು. ಮುದ್ರಿತ ಪುಸ್ತಕಕ್ಕೆ ತೆರಿಗೆ ಇಲ್ಲವೆಂಬುದು ನಿಜ. ಆದರೆ ಪುಸ್ತಕಕ್ಕೆ ತೆರಿಗೆ ಇಲ್ಲದ ಕಾರಣಕ್ಕೇ ಕಾಗದಕ್ಕೆ ತೆತ್ತ ತೆರಿಗೆಯನ್ನು ಪ್ರಕಾಶಕ ಹಿಂದಕ್ಕೆ ಪಡೆಯಲಾಗದು.

ಈ ಲೆಕ್ಕದಿಂದ ತಪ್ಪಿಸಿಕೊಳ್ಳಲು ನಮ್ಮಲ್ಲಿ ಎರಡು ದಾರಿಗಳು ರೂಢಿಯಲ್ಲಿವೆ. ಮೊದಲನೆಯದು ಸರ್ಕಾರದ ಸಗಟು ಖರೀದಿ. ಆಯ್ಕೆಯಾದ ಕೃತಿಯ ಮುನ್ನೂರು ಪ್ರತಿಗಳವರೆಗೆ ಗ್ರಂಥಾಲಯಗಳಿಗೆ ಕೊಳ್ಳುವ ಈ ಯೋಜನೆ ಒಳ್ಳೆಯದೇ. ಪುಟಕ್ಕೆ ಇಷ್ಟೆಂದು ಕಟ್ಟುವ ಬೆಲೆ ಸಾಲದು, ಹಣ ಸಕಾಲಕ್ಕೆ ಬರುವುದಿಲ್ಲ ಎಂದು ಪ್ರಕಾಶಕರು ವರ್ಷಗಳಿಂದ ಬಹಿರಂಗವಾಗಿಯೇ ಹೇಳುತ್ತ ಬಂದಿದ್ದಾರೆ. ಆ ದೂರಿನಲ್ಲಿ ಹುರುಳಿದೆ. ಆದರೆ ಆ ಮುನ್ನೂರು ಪ್ರತಿಗಳನ್ನೇ ನಂಬಿ ಪುಸ್ತಕ ಮಾಡುವವನಿಗೆ ಓದುಗನ ಅಗತ್ಯವೇ ಉಳಿಯುವುದಿಲ್ಲ. ಕರಡು ತಿದ್ದದಿದ್ದರೂ ನಡೆಯುತ್ತದೆ.

ಎರಡನೆಯ ದಾರಿ ಲೇಖಕರಿಂದಲೇ ಹಣ ಪಡೆಯುವುದು. ಇದನ್ನು ಟೀಕಿಸುವ ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು.

ಮೊದಲ ಪುಸ್ತಕದಲ್ಲಿ ಕೈ ಸುಟ್ಟುಕೊಂಡಿದ್ದ ನನ್ನ ಬಳಿಗೆ 2017ರಲ್ಲಿ ಶಿರಾ ಕಡೆಯ ನಿವೃತ್ತ ಶಿಕ್ಷಕಿಯೊಬ್ಬರು ಹಸ್ತಪ್ರತಿ ತಂದರು. ಏಕೋಪಾಧ್ಯಾಯ ಶಾಲೆಗಳಲ್ಲಿ ಕಳೆದ ಮೂರು ದಶಕಗಳ ನೆನಪುಗಳು. ಬರಹ ಚೆನ್ನಾಗಿತ್ತು. ಖರ್ಚಿನ ಭಾಗವನ್ನು ನೀವೇ ಭರಿಸಬೇಕಾಗುತ್ತದೆ ಮೇಡಂ, ಎಲ್ಲರೂ ಹೀಗೆಯೇ ಮಾಡುತ್ತಾರೆ ಎಂದೆ. ಅವರು ನಿವೃತ್ತಿಯ ಹಣದಿಂದ ಐವತ್ತು ಸಾವಿರ ಕೊಟ್ಟರು. ಐನೂರು ಪ್ರತಿ ಹಾಕಿಸಿ, ನಾನ್ನೂರನ್ನು ಅವರ ಊರಿಗೆ ಲಗೇಜ್ ಆಟೊದಲ್ಲಿ ಕಳಿಸಿ, ನೆಮ್ಮದಿಯಿಂದಿದ್ದೆ.

ಎರಡು ವರ್ಷಗಳ ಮೇಲೆ ಆ ಕಡೆ ಮದುವೆಗೆ ಹೋದವನು ಅವರ ಮನೆಗೂ ಹೋದೆ. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ, ರಾಗಿ ಮೂಟೆಗಳ ಬದಿಗೆ, ಹಳೆಯ ಸೀರೆ ಹೊದಿಸಿದ ಕಟ್ಟುಗಳು. ಬೈಂಡರ್ ಬಿಗಿದ ದಾರವೂ ಬಿಚ್ಚಿರಲಿಲ್ಲ. ಕಾಫಿ ಕೊಡುತ್ತ ಅವರು, ‘ಸಾರ್, ಒಟ್ಟು ಎಷ್ಟು ಜನ ಓದಿರಬಹುದು?’ ಎಂದು ಕೇಳಿದರು. ಆಕ್ಷೇಪವೇನೂ ಇರಲಿಲ್ಲ, ತಿಳಿದುಕೊಳ್ಳುವ ಕುತೂಹಲ ಅಷ್ಟೆ. ನನ್ನ ಬಳಿ ಉತ್ತರವಿರಲಿಲ್ಲ. ನನ್ನ ಮಂಚದ ಕೆಳಗಿರಬೇಕಿದ್ದ ಕಟ್ಟುಗಳನ್ನು ಅವರ ಮನೆಗೆ ಸಾಗಿಸಿದ್ದೆ, ಅದೂ ಅವರದೇ ಹಣದಲ್ಲಿ. ಅದನ್ನು ಪ್ರಕಾಶನ ಎನ್ನಲಾಗದು. ಮುದ್ರಣದ ದಲ್ಲಾಳಿ ಕೆಲಸ.

ಹಣವನ್ನು ಮೂರು ಕಂತುಗಳಲ್ಲಿ ಹಿಂದಿರುಗಿಸಿದೆ. ಮೊದಲು ಬೇಡವೆಂದರು, ನಂತರ ತೆಗೆದುಕೊಂಡರು. ಪುಸ್ತಕಗಳನ್ನು ವಾಪಸು ತರಿಸಿಕೊಂಡೆ. 2023ರ ಜನವರಿಯಲ್ಲಿ ಹಾವೇರಿಯಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗ ಮಳಿಗೆಯ ಅರ್ಧ ಬಾಡಿಗೆ ಕೊಟ್ಟು ಅವನ್ನು ಹರಡಿಕೊಂಡು ಕೂತೆ. ಸಮ್ಮೇಳನಕ್ಕೆ ಒಒಡಿ ಸೌಲಭ್ಯ ಪಡೆದು ಬರುವ ಶಿಕ್ಷಕರ ಸಂಖ್ಯೆ ದೊಡ್ಡದು. ಹೆಸರು ನೋಡಿ ನಿಂತವರು ಎರಡು ಪುಟ ಓದಿ ಕೊಂಡರು; ಕೆಲವರು ಸಹೋದ್ಯೋಗಿಗಳಿಗೂ ಒಯ್ದರು. ಮೂರು ದಿನಗಳಲ್ಲಿ ನೂರನಲವತ್ತು ಪ್ರತಿ. ಈ ಪುಸ್ತಕದ ಓದುಗರು ಯಾರೆಂದು ಆರು ವರ್ಷಗಳಲ್ಲಿ ಒಮ್ಮೆಯೂ ಯೋಚಿಸದೆ, ಗಾಂಧಿನಗರದ ಅಂಗಡಿಗಳಲ್ಲಿ ನಾಲ್ಕು ನಾಲ್ಕು ಪ್ರತಿ ಇಟ್ಟು ಕನ್ನಡಿಗರು ಓದುವುದಿಲ್ಲವೆಂದು ನಾನು ಹಲುಬುತ್ತಿದ್ದೆ.

ಆ ಊರಿನಲ್ಲಿ ಗಳಗನಾಥರ ನೆನಪಾಗದಿರಲು ಸಾಧ್ಯವೇ? ಹಾವೇರಿ ಸೀಮೆಯ ಆ ಕಾದಂಬರಿಕಾರರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ಅಲೆದು ಮಾರಿದವರು. ನಾವು ಅದನ್ನು ತ್ಯಾಗದ ಕಥೆಯಾಗಿ ಹೇಳಿಕೊಂಡು ಕಣ್ಣೊರೆಸಿಕೊಳ್ಳುತ್ತೇವೆ. ಯಾವ ಊರಿನಲ್ಲಿ ಯಾರು ಕೊಳ್ಳುತ್ತಾರೆಂಬ ಅರಿವು ಅವರಿಗಿದ್ದಿರಬೇಕು ಎಂಬುದು ನಮಗೆ ಹೊಳೆಯುವುದಿಲ್ಲ. 1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯೂ ಚಂದಾದಾರರನ್ನು ಆಧರಿಸಿ ಬೆಳೆಯಿತು. ಓದುಗರ ಹಣ ಮೊದಲೇ ಬಂದಿರುತ್ತಿತ್ತು; ಹಾಗಾಗಿ ಹೊಸಬರ ಕೃತಿ ಹಾಕುವ ಧೈರ್ಯವೂ ಇತ್ತು. ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ 1961ರಲ್ಲಿ ಅಲ್ಲಿಂದ ಹೊರಬಂದಾಗ ಅವರಿಗಿನ್ನೂ ಇಪ್ಪತ್ತಮೂರು.

ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟು. ಸಾವಿರ ಬೇಡ, ಡಿಜಿಟಲ್ ಮುದ್ರಣದಲ್ಲಿ ಮುನ್ನೂರು ಹಾಕಿಸು. ಪ್ರತಿಗೆ ನೂರಹತ್ತು ಬೀಳಬಹುದು. ನೇರವಾಗಿ ಮಾರಿದರೆ ಲಾಭವಿಲ್ಲದಿದ್ದರೂ ಹೆಚ್ಚೆಂದರೆ ಎಷ್ಟು ಹೋದೀತೆಂಬುದು ಮೊದಲೇ ತಿಳಿದಿರುತ್ತದೆ. ಲೇಖಕರೊಂದಿಗೆ ಲಿಖಿತ ಒಪ್ಪಂದ ಮಾಡಿಕೋ. ಹಕ್ಕುಸ್ವಾಮ್ಯದ ವರ್ಗಾವಣೆ ಬರಹದಲ್ಲಿಯೇ ಇರಬೇಕೆಂದು 1957ರ ಕಾಯ್ದೆ ಹೇಳುತ್ತದೆ. ಅವಧಿ ನಮೂದಿಸದಿದ್ದರೆ ಅದು ಐದೇ ವರ್ಷ. ಬಾಯಿಮಾತಿನ ವಿಶ್ವಾಸದಲ್ಲಿ ನಡೆಯುವ ಕನ್ನಡ ಪ್ರಕಾಶನದಲ್ಲಿ ಲೇಖಕರು ಕೇಳಲು ಸಂಕೋಚಪಡುತ್ತಾರೆ, ಪ್ರಕಾಶಕರಿಗೆ ಆ ಸಂಕೋಚವೇ ಅನುಕೂಲ. ಅಂಚೆಯ ವಿಚಾರವನ್ನೂ ಹೇಳಿದೆ. ಐದು ಕಿಲೊ ಪುಸ್ತಕವನ್ನು ಎಂಬತ್ತು ರೂಪಾಯಿಗೆ ಒಯ್ಯುತ್ತಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೇವೆ 2024ರ ಡಿಸೆಂಬರ್‌ನಲ್ಲಿ ನಿಂತಾಗ ನಮ್ಮಂಥವರು ಕಂಗಾಲಾಗಿದ್ದೆವು. 2025ರ ಮೇ ತಿಂಗಳಲ್ಲಿ ಜ್ಞಾನ ಪೋಸ್ಟ್ ಆರಂಭವಾಯಿತು. ಮುನ್ನೂರು ಗ್ರಾಮಿಗೆ ಇಪ್ಪತ್ತು ರೂಪಾಯಿಯ ದರದೊಂದಿಗೆ. ಹಳ್ಳಿಯ ಓದುಗನವರೆಗೆ ಪುಸ್ತಕ ತಲುಪಿಸಲು ನನಗೆ ಇಂದಿಗೂ ಅಂಚೆಯಣ್ಣನೇ ಗತಿ.

ನಷ್ಟದ ಪ್ರಶ್ನೆಗೆ ಆ ಹುಡುಗ ಹೊರಡುವಾಗಲೂ ಉತ್ತರ ಕೊಡಲಿಲ್ಲ. ಯೋಚಿಸುತ್ತೇನೆ ಅಂಕಲ್ ಎಂದ. ಮಂಚದ ಕೆಳಗಿನಿಂದ ಒಂದು ಪ್ರತಿ ಎಳೆದು ಕೊಟ್ಟೆ; ಬೇಡವೆಂದರೂ ಬೆಲೆ ಕೊಟ್ಟೇ ಒಯ್ದ.

ಶಿಕ್ಷಕಿಯವರ ಪುಸ್ತಕದ ಎರಡನೆಯ ಮುದ್ರಣ ಕಳೆದ ವರ್ಷ ಬಂತು, ಮುನ್ನೂರು ಪ್ರತಿ, ನನ್ನ ಖರ್ಚಿನಲ್ಲಿ. ಮೊನ್ನೆ ಅದರ ಮೊದಲ ಆರು ತಿಂಗಳ ಗೌರವಧನ ಕಳಿಸಿದೆ: ಅರವತ್ತೊಂದು ಪ್ರತಿಗೆ 1,220 ರೂಪಾಯಿ. ಹಣ ತಲುಪಿತೆಂದು ತಿಳಿಸಲು ಅವರು ಫೋನ್ ಮಾಡಿದ್ದರು. ನಲವತ್ತಮೂರನೆಯ ಪುಟದಲ್ಲಿ ‘ಹಾಜರಿ’ ಎಂಬುದು ‘ಹಜಾರಿ’ ಎಂದು ಎರಡನೆಯ ಸಲವೂ ತಪ್ಪಾಗಿಯೇ ಅಚ್ಚಾಗಿದೆಯಂತೆ. ಕರಡು ತಿದ್ದಿದವನು ನಾನೇ.