ದಾನಿಯ ಹೆಸರು ಮೊದಲು

ನವಲಗುಂದದ ಕಡೆಯ ನಮ್ಮೂರ ಜಾತ್ರೆಯಲ್ಲಿ ಕುಸ್ತಿಯ ದಿನ ಮೈಕ್ ಹಿಡಿದವರು ಬೆಳ್ಳಿ ಕಡೆ ಕೊಟ್ಟವರ ಹೆಸರನ್ನು ಮೂರು ಸಲ ಕೂಗುತ್ತಾರೆ, ತಂದೆಯ ಹೆಸರು, ಮನೆತನದ ಹೆಸರು ಸಮೇತ. ಅದನ್ನು ಗೆದ್ದ ಪೈಲ್ವಾನನ ಹೆಸರು ಒಂದೇ ಸಲ, ಅದೂ ಹಲಗೆಯ ಸದ್ದಿನಲ್ಲಿ ಅರ್ಧ ಮಾತ್ರ ಕೇಳುತ್ತದೆ. ಊರಿನ ಮಟ್ಟಿಗೆ ಇದು ನಕ್ಕು ಬಿಡುವ ಸಂಗತಿ. ಆದರೆ ಅಂತರರಾಷ್ಟ್ರೀಯ ಕ್ರೀಡೆಯ ಆರಂಭದ ಚರಿತ್ರೆಯನ್ನೂ ನಾವು ಇದೇ ಮೈಕಿನಲ್ಲಿ ಹೇಳುತ್ತಿದ್ದೇವೆ ಎಂಬುದು ನನ್ನ ತಕರಾರು.

ಈಚೆಗೆ ಒಂದು ವಿಚಾರ ಸಂಕಿರಣದಲ್ಲಿ ಮಾತಾಡಿದವರೊಬ್ಬರು ಫಿಗರ್ ಸ್ಕೇಟಿಂಗಿನ ಕಥೆ ಹೇಳಿದರು. 1902ರಲ್ಲಿ ಲಂಡನ್ನಿನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಗಂಡಸರ ನಡುವೆ ಒಬ್ಬರೇ ಹೆಂಗಸು, ಇಂಗ್ಲೆಂಡಿನ ಮ್ಯಾಜ್ ಸೈಯರ್ಸ್, ಎರಡನೆಯ ಸ್ಥಾನ ಪಡೆದರು. ಗೆದ್ದ ಸ್ವೀಡನ್ನಿನ ಉಲ್ರಿಕ್ ಸಾಲ್ಕೊ ಆಕೆಯ ಆಟಕ್ಕೆ ಮಾರುಹೋಗಿ ತನ್ನ ಚಿನ್ನದ ಪದಕವನ್ನೇ ಕೊಟ್ಟುಬಿಟ್ಟನಂತೆ. ಸಭೆ ಚಪ್ಪಾಳೆ ತಟ್ಟಿತು, ಕಥೆ ಅಲ್ಲಿಗೆ ಮುಗಿಯಿತು. ಮುಗಿಯಬಾರದಿತ್ತು.

ಸೈಯರ್ಸ್ ಆ ಸ್ಪರ್ಧೆಗೆ ಬಂದದ್ದು ಯಾರ ಔದಾರ್ಯದಿಂದಲೂ ಅಲ್ಲ. 1892ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟದ ನಿಯಮಗಳಲ್ಲಿ ಹೆಂಗಸರು ಬರಕೂಡದೆಂದು ಬರೆದಿರಲಿಲ್ಲ, ಅಷ್ಟೆ. ಬರೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ. 1896ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಮೊದಲ ‘ವಿಶ್ವ’ ಸ್ಪರ್ಧೆ ನಡೆದಾಗ ಕಣಕ್ಕಿಳಿದವರು ನಾಲ್ಕೇ ಗಂಡಸರು. ವಿಶ್ವ ಅಷ್ಟೇ ದೊಡ್ಡದಿತ್ತು. ನಿಯಮದಲ್ಲಿ ಖಾಲಿ ಬಿಟ್ಟ ಜಾಗವನ್ನು ಓದಿಕೊಂಡು ಆಕೆ ಒಳಗೆ ಬಂದರು. 1903ರಲ್ಲಿ ಒಕ್ಕೂಟ ಆ ಜಾಗವನ್ನು ತುಂಬಿತು: ಹೆಂಗಸರಿಗೆ ಪ್ರವೇಶವಿಲ್ಲ.

ಕೊಟ್ಟ ಕಾರಣಗಳನ್ನು ಕೇಳಿ. ಉದ್ದ ಲಂಗದಿಂದಾಗಿ ತೀರ್ಪುಗಾರರಿಗೆ ಪಾದ ಕಾಣುವುದಿಲ್ಲ. ತೀರ್ಪುಗಾರ ತನಗೆ ಮನಸ್ಸಿರುವ ಹುಡುಗಿಗೇ ಅಂಕ ಕೊಟ್ಟಾನು. ಹೆಂಗಸರನ್ನು ಗಂಡಸರೊಂದಿಗೆ ಹೋಲಿಸುವುದು ಕಷ್ಟ. ಮನಸ್ಸು ಜಾರುವುದು ತೀರ್ಪುಗಾರನದು, ಹೊರಗೆ ಹೋಗಬೇಕಾದವಳು ಆಟಗಾರ್ತಿ! ಇನ್ನು ಪಾದದ ಮಾತು. ಆಗ ಅಂಕಗಳ ದೊಡ್ಡ ಪಾಲು ‘ಫಿಗರ್’ಗಳಿಗೆ ಸಲ್ಲುತ್ತಿತ್ತು. ಒಂಟಿ ಕಾಲಿನ ಮೇಲೆ ಬ್ಲೇಡಿನ ಅಂಚಿನಿಂದ ಮಂಜುಗಡ್ಡೆಯ ಮೇಲೆ ವೃತ್ತಗಳನ್ನು, ಇಂಗ್ಲಿಷಿನ ಎಂಟರಂಥ ಆಕಾರಗಳನ್ನು ಬಿಡಿಸಿ, ಅದೇ ಗೆರೆಯ ಮೇಲೆ ಮತ್ತೆ ಮತ್ತೆ ಜಾರಬೇಕು. ಆಟಕ್ಕೆ ಹೆಸರು ಬಂದದ್ದೇ ಅದರಿಂದ. ತೀರ್ಪುಗಾರರು ಬಗ್ಗಿ ಆ ಗೆರೆ ನೋಡುತ್ತಿದ್ದರು. ಹೊಸ್ತಿಲ ಮುಂದಿನ ರಂಗೋಲಿಯ ಎಳೆ ಸರಿಯಿದೆಯೋ ಇಲ್ಲವೋ ಹೇಳಲು, ಹಾಕಿದವಳ ಸೀರೆ ಎಷ್ಟುದ್ದ ಎಂದು ಕೇಳುವವರುಂಟೆ?

ಸೈಯರ್ಸ್ ಲಂಗವನ್ನು ಮೀನಖಂಡದವರೆಗೆ ಗಿಡ್ಡ ಮಾಡಿಕೊಂಡರು. 1903 ಮತ್ತು 1904ರಲ್ಲಿ ಬ್ರಿಟನ್ನಿನ ಸ್ಪರ್ಧೆಯಲ್ಲಿ ಗಂಡಸರೊಂದಿಗೇ ಆಡಿ ಗೆದ್ದರು. ಎರಡನೆಯ ಸಲ ಸೋತವರಲ್ಲಿ ಅವರ ಗಂಡನೂ ಇದ್ದ. 1906ರಲ್ಲಿ ದಾವೋಸ್‌ನಲ್ಲಿ ಹೆಂಗಸರಿಗೆ ಬೇರೆ ಸ್ಪರ್ಧೆ ಶುರುವಾದಾಗ ಅದಕ್ಕೆ ‘ವಿಶ್ವ’ ಎಂಬ ಹೆಸರು ಕೊಡಲಿಲ್ಲ. ಅದನ್ನು ಹಚ್ಚಿದ್ದು ಎಷ್ಟೋ ವರ್ಷಗಳ ಮೇಲೆ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಸೈಯರ್ಸ್ 1917ರಲ್ಲಿ, 35ರ ವಯಸ್ಸಿನಲ್ಲಿ ತೀರಿಕೊಂಡರು. ಇಷ್ಟೆಲ್ಲ ಇರುವಾಗ ನಮ್ಮ ನೆನಪಿನಲ್ಲಿ ಉಳಿಯುವುದು ಸಾಲ್ಕೊನ ಪದಕ. ಆ ಕಥೆ ನಿಜವಿರಲಿ, ಸುಳ್ಳಿರಲಿ, ನಿಷೇಧವನ್ನು ಮರೆಸಿ ಒಬ್ಬ ಸಜ್ಜನನನ್ನು ಮುಂದೆ ನಿಲ್ಲಿಸುತ್ತದೆ.

ಎಲ್ಲಿಯದೋ ಮಂಜುಗಡ್ಡೆಯ ಮಾತು ನಮ್ಮ ಎರೆಹೊಲದವರಿಗೆ ಯಾಕೆ ಎನ್ನಬೇಡಿ. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಬನ್ನಿ. ಚಳಿಗಾಲದ ಒಲಿಂಪಿಕ್ಸ್ ಇನ್ನೂ ಹುಟ್ಟಿರಲಿಲ್ಲವಾದ್ದರಿಂದ ಸ್ಕೇಟಿಂಗೂ ಮ್ಯಾರಥಾನೂ ಒಂದೇ ಕೂಟದಲ್ಲಿದ್ದವು. ಏಪ್ರಿಲ್‌ನಲ್ಲಿ ಅಮೆರಿಕದ ತೆರೇಸಾ ವೆಲ್ಡ್ ಜಿಗಿದದ್ದು ಹೆಂಗಸರಿಗೆ ತಕ್ಕುದಲ್ಲವೆಂದು ತೀರ್ಪುಗಾರರು ಆಕ್ಷೇಪಿಸಿದರು. ಲಂಗ ಮೊಣಕಾಲಿನ ತನಕ ಹಾರಿತ್ತಂತೆ. ಆಗಸ್ಟ್‌ನಲ್ಲಿ, ಅದೇ ಊರಿನಲ್ಲಿ, 42.75 ಕಿಲೋಮೀಟರಿನ ಮ್ಯಾರಥಾನ್ ಓಡಿ 19ನೆಯವರಾಗಿ ಮುಗಿಸಿದವರು ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ. ತೆಗೆದುಕೊಂಡ ಸಮಯ 2 ಗಂಟೆ 50 ನಿಮಿಷ 45 ಸೆಕೆಂಡು. ಆಗ ಬೆಳಗಾವಿಯೂ ನಮ್ಮ ಧಾರವಾಡವೂ ಮುಂಬಯಿ ಪ್ರಾಂತದಲ್ಲಿದ್ದವು.

ಸ್ಪರ್ಧಾತ್ಮಕ ಪರೀಕ್ಷೆಗೆ ನಾನು ಓದಿದ ಗೈಡುಗಳಲ್ಲಿ ಈ ಹೆಸರಿರಲಿಲ್ಲ. ಇದ್ದ ಪ್ರಶ್ನೆ: ಭಾರತದ ಮೊದಲ ಒಲಿಂಪಿಕ್ ತಂಡ ಕಳಿಸಲು ಕಾರಣರಾದವರು ಯಾರು? ಉತ್ತರ: ದೊರಾಬ್ಜಿ ಟಾಟಾ. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್‌ಖಾನಾದ ಕೂಟದಲ್ಲಿ ಬರಿಗಾಲಲ್ಲಿ ಓಡಿದ ರೈತರನ್ನು ಕಂಡು ಅವರು ಬೆರಗಾದರು ಎಂಬಲ್ಲಿಂದ ಕಥೆ ಶುರು. ಕಂಡವರಿಗೆ ಹೆಸರುಂಟು, ಓಡಿದವರು ಬರೀ ‘ರೈತರು’.

ಟಾಟಾ ಕೈಯಿಂದ ಹಣ ಹಾಕದಿದ್ದರೆ ಫಡೆಪ್ಪ ಹಡಗು ಹತ್ತುತ್ತಿದ್ದರೇ ಎಂದು ಗೆಳೆಯನೊಬ್ಬ ಕೇಳಿದ. ಬಹುಶಃ ಇಲ್ಲ. ಟಾಟಾ ಬಾಗಿಲು ತೆರೆದವರು, ಸ್ಕೇಟಿಂಗ್ ಒಕ್ಕೂಟ ಮುಚ್ಚಿದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಆದರೆ ಆ ಕಾಲುಗಳು ಟಾಟಾ ನೋಡುವ ಮೊದಲೇ ಓಡುತ್ತಿದ್ದವಲ್ಲ!

ಹೋದ ವರ್ಷ ನಮ್ಮ ತಾಲೂಕಿನ ಒಂದು ಕಬಡ್ಡಿ ಪಂದ್ಯಕ್ಕೆ ಹೋಗಿದ್ದೆ. ಶಾರ್ಟ್ಸ್ ಬೇಡವೆಂದು ಹಿರಿಯರು ಹೇಳಿದ್ದರಿಂದ ಹುಡುಗಿಯರಿಗೆ ಯಾರೋ ಪುಣ್ಯಾತ್ಮರು ಕಾಲು ಮುಚ್ಚುವ ಪ್ಯಾಂಟು, ಅಂಗಿ ಕೊಡಿಸಿದ್ದರು. ಎಲ್ಲರ ಬೆನ್ನ ಮೇಲೂ ಕೊಟ್ಟವರ ಹೆಸರು, ದೊಡ್ಡ ಅಕ್ಷರದಲ್ಲಿ. ಒಂದೇ ರೇಡಿನಲ್ಲಿ ಮೂವರನ್ನು ಔಟ್ ಮಾಡಿ ಬಂದ ಹುಡುಗಿಯ ಹೆಸರೇನೆಂದು ಪಕ್ಕದಲ್ಲಿ ಕೂತಿದ್ದ ಅವಳ ಗೆಳತಿಯನ್ನು ಕೇಳಿ ತಿಳಿದುಕೊಳ್ಳಬೇಕಾಯಿತು.