ಎಳೆಯ ಮಕ್ಕಳನ್ನು ಶಾಲೆಯಿಂದ ಗ್ರಂಥಾಲಯಕ್ಕೆ ಕರೆದೊಯ್ಯಬೇಕೆ?

ವಿರೋಧ

ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳನ್ನು ಊರಿನ ಗ್ರಂಥಾಲಯಕ್ಕೆ ಕರೆದೊಯ್ಯುವುದು ಬೇಡ ಎನ್ನುವವರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನಮ್ಮ ಬಹುಪಾಲು ಶಾಖಾ ಗ್ರಂಥಾಲಯಗಳು ದಿನಪತ್ರಿಕೆ ಓದುವ ಹಿರಿಯರಿಗೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯುವಕರಿಗೆ ಒಗ್ಗಿಹೋದ ಜಾಗಗಳು. ಬೀಗ ಹಾಕಿದ ಬೀರು, ಇರುವವರು ಒಬ್ಬರೇ ಮೇಲ್ವಿಚಾರಕರು. ಅಲ್ಲಿಗೆ ಇಡೀ ತರಗತಿ ನುಗ್ಗಿದರೆ ಓದುತ್ತಿದ್ದವರಿಗೆ ತೊಂದರೆ, ಮಕ್ಕಳಿಗೆ ನೆನಪುಳಿಯುವುದು ಗದರಿಕೆಯೊಂದೇ. ಫುಟ್‌ಪಾತ್ ಇಲ್ಲದ ರಸ್ತೆಯನ್ನು ದಾಟಿಸುವ ಹೊಣೆಯೂ ಶಿಕ್ಷಕಿಯ ತಲೆಗೇ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲೇ ಗ್ರಂಥಾಲಯ ಇರಬೇಕೆನ್ನುತ್ತದೆ. ಹಾಗಿರುವಾಗ ಶ್ರಮವನ್ನೆಲ್ಲ ಅಲ್ಲಿಗೇ ಹಾಕಬಾರದೇಕೆ? ವರ್ಷಕ್ಕೊಮ್ಮೆ ಸಾಲಾಗಿ ಹೋಗಿ ಫೋಟೊ ತೆಗೆಸಿಕೊಂಡು ಬಂದರೆ ಯಾವ ಮಗುವಿಗೂ ಓದು ಹತ್ತುವುದಿಲ್ಲ.

ಪರ

ಈ ಕೊನೆಯ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದ್ದರಿಂದಲೇ ನನ್ನ ವಾದವಿಷ್ಟು: ಮಗು ಗ್ರಂಥಾಲಯದಿಂದ ಹೊರಬರುವಾಗ ಸದಸ್ಯತ್ವದ ಕಾರ್ಡು ಅದರ ಕೈಯಲ್ಲಿರಬೇಕು, ಚೀಲದಲ್ಲೊಂದು ಪುಸ್ತಕವಿರಬೇಕು. ಇದಕ್ಕೆ ಹೊಸ ಯೋಜನೆಯೇನೂ ಬೇಕಿಲ್ಲ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಉಚಿತ ಸದಸ್ಯತ್ವವಿದೆ. ಅಂದರೆ ಒಂದನೇ ತರಗತಿಯ ಮಗುವೂ ಅದಕ್ಕೆ ಹಕ್ಕುದಾರ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವೂ ವಸೂಲಾಗುತ್ತದೆ. ಮನೆಯವರು ಆಗಲೇ ಹಣ ಕೊಟ್ಟಿರುವ ಜಾಗವಿದು. ಆದರೂ ಓದುವ ಅಪ್ಪ ಅಮ್ಮ ಇರುವ ಮಗುವಷ್ಟೇ ಇಂದು ಅಲ್ಲಿಗೆ ಹೋಗುತ್ತದೆ. ಬೆಳಗ್ಗೆಯೇ ಗಾರ್ಮೆಂಟ್ಸಿಗೋ ಕೂಲಿಗೋ ಹೊರಡುವ ತಾಯಿಯ ಮಗುವಿಗೆ ಆ ಬಾಗಿಲನ್ನು ಶಾಲೆಯಲ್ಲದೆ ಇನ್ಯಾರು ತೋರಿಸಬೇಕು? ಶಾಲೆಯ ಗ್ರಂಥಾಲಯ ಬೇಕೇ ಬೇಕು, ಆದರೆ ದಸರಾ ರಜೆಯಲ್ಲಿ, ಏಪ್ರಿಲ್-ಮೇ ತಿಂಗಳಲ್ಲಿ ಅದಕ್ಕೆ ಬೀಗ. ಮನೆಯಲ್ಲಿ ಕಥೆಪುಸ್ತಕವೇ ಇಲ್ಲದ ಮಗು ಕಷ್ಟಪಟ್ಟು ಕಲಿತ ಅಕ್ಷರ ಸಡಿಲಾಗುವುದು ಆ ದಿನಗಳಲ್ಲೇ.

ಸದ್ದುಗದ್ದಲದ ಆಕ್ಷೇಪಕ್ಕೆ ದಾರಿಯಿದೆ. ಇಡೀ ತರಗತಿಯ ಬದಲು ಹತ್ತು-ಹನ್ನೆರಡು ಮಕ್ಕಳ ಗುಂಪು, ಓದುಗರು ಕಡಿಮೆಯಿರುವ ಹೊತ್ತು, ಮೇಲ್ವಿಚಾರಕರೊಂದಿಗೆ ಮೊದಲೇ ಮಾತು. ಹಳ್ಳಿಗಳಲ್ಲಿ ಶಾಲೆಯಿಂದ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ಎಷ್ಟೋ ಕಡೆ ನಡೆದೇ ಹೋಗಬಹುದು. ಪಟ್ಟಣದಲ್ಲಿ ರಸ್ತೆ ದಾಟಿಸಲು ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಪೋಷಕರಿಬ್ಬರು ಜೊತೆಗಿರಲಿ. ಇಷ್ಟಾದರೂ ರಸ್ತೆ ಅಪಾಯವೆನಿಸಿದರೆ ಹೋಗಬಾರದು, ಅದರಲ್ಲಿ ರಾಜಿಯಿಲ್ಲ. ಇನ್ನು ಬೀಗದ ಬೀರು. ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕವಿರುವುದು ಬಳಕೆಗೆ ಎಂಬುದು. ಮಕ್ಕಳು ವಾರವಾರ ಬರತೊಡಗಿದರೆ ಬೀರು ತೆರೆಯಲೇಬೇಕಾಗುತ್ತದೆ, ಕೆಳಗಿನ ಕಪಾಟಿಗೆ ಚಿತ್ರಪುಸ್ತಕ ಇಳಿಯಲೇಬೇಕಾಗುತ್ತದೆ. ಗ್ರಂಥಾಲಯ ಮಕ್ಕಳಿಗೆ ತಕ್ಕಂತಾದ ಮೇಲೆ ಹೋಗೋಣವೆಂದು ಕಾದರೆ ಅದು ಎಂದೂ ಹಾಗಾಗದು.

ನಿಜವಾದ ಅಡ್ಡಿ ಯಾರೂ ಬಾಯಿಬಿಟ್ಟು ಹೇಳದ ಭಯ: ಪುಸ್ತಕ ಹರಿದರೆ, ಕಳೆದರೆ ದುಡ್ಡು ತೆರುವವರು ಯಾರು? ಲೆಕ್ಕ ಒಪ್ಪಿಸಬೇಕಾದ ಮೇಲ್ವಿಚಾರಕರು ಪುಸ್ತಕವನ್ನು ಎಳೆಯ ಕೈಗೆ ಕೊಡಲು ಅಳುಕುವುದು ಸಹಜ. ಚಿಕ್ಕ ಮಕ್ಕಳ ಪುಸ್ತಕ ಸವೆದು ಹೋಗುವುದೇ ಲೆಕ್ಕವೆಂದು ಬಗೆದು, ಆ ನಷ್ಟವನ್ನು ಮೇಲ್ವಿಚಾರಕರ ತಲೆಗೆ ಕಟ್ಟುವುದಿಲ್ಲವೆಂದು ಸಂಬಂಧಪಟ್ಟ ಇಲಾಖೆ ಲಿಖಿತವಾಗಿ ತಿಳಿಸಬೇಕು. ಮೊದಲ ಗುಂಪು ಹೊರಡುವ ಮುನ್ನವೇ ಆ ಪತ್ರ ಅವರ ಮೇಜಿಗೆ ಬರಬೇಕು.