ಬದುವಿನ ಬಿಲದಲ್ಲಿ ಪ್ಲೇಗಿನ ಜಾಡು

ಮುಳಬಾಗಿಲು ಕಡೆಯ ಹೊಲಗಳಲ್ಲಿ ಕಡಲೆಕಾಯಿ ಕಿತ್ತಾದ ಮೇಲೆ, ಬೆಳ್ಳಂಬೆಳಗ್ಗೆ ಯಾರೋ ಇಬ್ಬರು ತಲೆ ತಗ್ಗಿಸಿಕೊಂಡು ಬದುವಿನುದ್ದಕ್ಕೂ ನಡೆಯುತ್ತಿದ್ದರೆ ಹೊಲದವರು ಸುಮ್ಮನಿರುವುದಿಲ್ಲ.

“ಏನ್ ಸಾಮಿ, ಏನಾದ್ರೂ ಕಳ್ಕೊಂಡ್ರಾ?”

“ಇಲ್ಲ ಯಜಮಾನ್ರೆ, ಇಲಿ ಬಿಲ ನೋಡ್ತಿದೀವಿ.”

“ಅದಕ್ಕೆ ಬೆಂಗಳೂರಿಂದ ಬರಬೇಕಾ? ನಮ್ಮನೆ ಅಟ್ಟ ಹತ್ತಿ, ಬೇಕಾದಷ್ಟವೆ!”

ನಗು ಬರುವುದು ಸಹಜವೇ. ಆದರೆ ಈ ಹುಡುಕಾಟ ತಮಾಷೆಯದಲ್ಲ. ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಹೊಲಗಳಲ್ಲಿ ಇಲಿ ಹಿಡಿಯುವುದು ಸರ್ಕಾರವೇ ನಡೆಸಿಕೊಂಡು ಬಂದಿರುವ ಕೆಲಸ. ಬೆಂಗಳೂರಿನಲ್ಲಿ ಇದಕ್ಕಾಗಿಯೇ ಒಂದು ಪ್ಲೇಗ್ ಸರ್ವೇಕ್ಷಣಾ ಘಟಕವಿದೆ. ಅಲ್ಲಿನವರಿಗೆ ಬೇಕಾಗಿರುವುದು ಅಟ್ಟದ ಇಲಿಯೊಂದೇ ಅಲ್ಲ, ಬಯಲಿನ ಇಲಿಯೂ ಹೌದು.

ಕಾರಣ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗ್ 1898ರಲ್ಲಿ ಬೆಂಗಳೂರನ್ನು ಮುಟ್ಟಿತು. ಇಲಿ ಬಿದ್ದರೆ ಸಾಕು, ಜನ ಮನೆಗೆ ಬೀಗ ಹಾಕಿ ಊರ ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಪ್ಲೇಗಿನಮ್ಮನ ಗುಡಿಗಳು ಎದ್ದದ್ದು ಆ ಕಾಲದಲ್ಲೇ. ದಶಕಗಳು ಕಳೆದಂತೆ ಡಿಡಿಟಿ ಬಂತು, ಔಷಧಿ ಬಂತು, ರೋಗ ಹಿಮ್ಮೆಟ್ಟಿತು. ಕೊನೆಗೆ 1966ರಲ್ಲಿ ಮುಳಬಾಗಿಲಿನಲ್ಲಿ ಪ್ಲೇಗ್ ದೃಢಪಟ್ಟ ಮೇಲೆ ದೇಶದಲ್ಲಿ ಎಲ್ಲೂ ಅದರ ಸುದ್ದಿಯಿಲ್ಲ. 1994ರಲ್ಲಿ ಬೀಡ್ ಮತ್ತು ಸೂರತ್‌ಗಳಲ್ಲಿ ಅದು ಮತ್ತೆ ತಲೆಯೆತ್ತುವವರೆಗೆ, ಅಂದರೆ 28 ವರ್ಷ, ಕೊನೆಯ ಪ್ಲೇಗಿನ ಊರು ಎಂದರೆ ನಮ್ಮ ಮುಳಬಾಗಿಲೇ.

28 ವರ್ಷ ರೋಗ ಎಲ್ಲಿ ಅಡಗಿತ್ತು? ಮನುಷ್ಯರಲ್ಲಂತೂ ಅಲ್ಲ. ಅದರ ನಿಜವಾದ ಮನೆ ಬಯಲಿನ ಬಿಲ. ಕರ್ನಾಟಕ, ಆಂಧ್ರ, ತಮಿಳುನಾಡು ಕೂಡುವ ಈ ಮೂಲೆಯನ್ನು ತಜ್ಞರು ಪ್ಲೇಗಿನ ಸಹಜ ನೆಲೆಗಳಲ್ಲಿ ಒಂದೆಂದು ಗುರುತಿಸಿದ್ದಾರೆ. ಇಲ್ಲಿನ ಹೊಲಗಳಲ್ಲಿ ಜರ್ಬಿಲ್ ಎಂಬ ಇಲಿಯಿದೆ. ಮಣ್ಣಿನ ಬಣ್ಣದ ಮೈ, ದೊಡ್ಡ ಕಣ್ಣು, ಮೈಗಿಂತ ಉದ್ದವಾದ ಬಾಲ, ಬಾಲದ ತುದಿಯಲ್ಲಿ ಕಪ್ಪು ಕುಚ್ಚು. ರಾತ್ರಿ ಹೊರಬಂದು ಜಿಗಿಯುತ್ತಾ ಓಡುತ್ತದೆ. ಪ್ಲೇಗಿನ ಬ್ಯಾಕ್ಟೀರಿಯಾ ಹೊಕ್ಕರೂ ಇವುಗಳಲ್ಲಿ ಹಲವು ಸಾಯುವುದಿಲ್ಲ. ಮನೆ ಇಲಿಯಾದರೋ ಸಾಯುತ್ತದೆ. ಸತ್ತ ಇಲಿಯ ಮೈ ತಣ್ಣಗಾದೊಡನೆ ಚಿಗಟ ಬೇರೆ ಬಿಸಿ ರಕ್ತ ಹುಡುಕಿಕೊಂಡು ಹೊರಡುತ್ತದೆ. ಹತ್ತಿರದಲ್ಲಿ ಮನುಷ್ಯನಿದ್ದರೆ ಅವನೇ ಸರಿ.

ಹಾಗಾದರೆ ಜರ್ಬಿಲ್ ಇರುವ ಒಳ್ಳೆಯ ಜಾಗ ಹುಡುಕುವುದು ಹೇಗೆ? ಮೊದಲು ಮಣ್ಣು ನೋಡಬೇಕು. ನೀರು ನಿಲ್ಲುವ ಗದ್ದೆಯಲ್ಲಿ ಇದು ಇರಲೊಲ್ಲದು. ಅದು ಹೆಗ್ಗಣದ ಜಾಗ. ಮರಳು ಬೆರೆತ ಕೆಂಪು ಮಣ್ಣು, ನೇಗಿಲು ತಾಗದ ಎತ್ತರದ ಬದು, ಗೋಮಾಳದ ಅಂಚು, ಬೇಲಿಯ ಬುಡ, ಪಕ್ಕದಲ್ಲಿ ರಾಗಿಯೋ ಕಡಲೆಕಾಯಿಯೋ ಇದ್ದರೆ ಜರ್ಬಿಲ್‌ಗೆ ಅರಮನೆ ಸಿಕ್ಕಂತೆ.

ಆಮೇಲೆ ಬಿಲದ ಬಾಯಿ ನೋಡಬೇಕು. ಬಾಯಿಗೆ ಹೊಸ ಮಣ್ಣಿನ ಹೆಂಟೆ ತುಂಬಿ ಮುಚ್ಚಿ, ಮುಂದೆ ಗುಡ್ಡೆ ಹಾಕಿದ್ದರೆ ಒಳಗಿರುವುದು ಹೆಗ್ಗಣ. ಬಾಯಿ ತೆರೆದೇ ಇದ್ದು, ಮುಂದೆ ಮಣ್ಣು ಬೀಸಣಿಗೆಯಂತೆ ಹರಡಿದ್ದರೆ ಜರ್ಬಿಲ್ ಇರಬಹುದು. ಅದರ ಬಿಲಕ್ಕೆ ಬಾಯಿ ಒಂದಲ್ಲ, ಹಲವು. ಬಾಯಲ್ಲಿ ಜೇಡರ ಬಲೆ ಕಟ್ಟಿದ್ದರೆ ಮನೆ ಖಾಲಿ ಎಂದರ್ಥ. ಅಂಚು ನುಣುಪಾಗಿ, ಸುತ್ತ ಹೊಸ ಹಿಕ್ಕೆ, ಕತ್ತರಿಸಿದ ತೆನೆ ಬಿದ್ದಿದ್ದರೆ ಒಕ್ಕಲಿದೆ.

ಸಂದೇಹವಿದ್ದರೆ ಸುಲಭವಾದ ಪರೀಕ್ಷೆಯೊಂದಿದೆ. ಸಂಜೆ ಹೊಲದಲ್ಲಿ ಕಂಡ ಬಾಯಿಗಳನ್ನೆಲ್ಲ ಮಣ್ಣಿನಿಂದ ಮುಚ್ಚಿ ಎಣಿಸಿಡಬೇಕು. ಬೆಳಗ್ಗೆ ಹೋಗಿ ಎಷ್ಟು ತೆರೆದಿವೆ ನೋಡಬೇಕು. ತೆರೆದವು ಜೀವಂತ ಬಿಲಗಳು. ಬೋನು ಇಡಬೇಕಾದದ್ದು ಅಲ್ಲಿ. ಬೆಳೆ ಉಳಿಸಿಕೊಳ್ಳಲು ಇಲಿ ಪಾಷಾಣ ಇಡುವ ರೈತರಿಗೂ ಇದೇ ಲೆಕ್ಕ ಉಪಯೋಗಕ್ಕೆ ಬರುತ್ತದೆ; ಖಾಲಿ ಬಿಲಕ್ಕೆ ಪಾಷಾಣ ಹಾಕಿ ದುಡ್ಡು ಕಳೆಯಬೇಕಿಲ್ಲ. ಆದರೆ ಯಾವ ಬಿಲಕ್ಕೂ ಕೈ ಹಾಕಬಾರದು. ಇಲಿಯ ಮನೆಯನ್ನು ನಾಗರಹಾವು, ಮಂಡಲದ ಹಾವು ಬಾಡಿಗೆ ಕೊಡದೆ ಸೇರಿಕೊಂಡಿರುತ್ತವೆ.

ಸಿಕ್ಕ ಇಲಿಯನ್ನು ಏನು ಮಾಡುತ್ತಾರೆ? ಮತ್ತು ಬರಿಸಿ, ಮೈ ಬಾಚಿ ಚಿಗಟಗಳನ್ನು ಬಿಳಿ ತಟ್ಟೆಗೆ ಉದುರಿಸಿ ಎಣಿಸುತ್ತಾರೆ. ಪ್ಲೇಗ್ ಹರಡುವುದರಲ್ಲಿ ಹೆಸರಾದ ಚಿಗಟ ಜಾತಿ ಸರಾಸರಿ ಒಂದು ಇಲಿಗೆ ಒಂದಕ್ಕಿಂತ ಹೆಚ್ಚಿದ್ದರೆ ಅದು ಎಚ್ಚರಿಕೆಯ ಗಂಟೆ. ಇಲಿಯ ರಕ್ತದಲ್ಲಿ ಪ್ಲೇಗಿನ ಪ್ರತಿಕಾಯ ಇದೆಯೇ ಎಂದೂ ನೋಡುತ್ತಾರೆ. ಪ್ರತಿಕಾಯವಿದ್ದರೆ, ಬ್ಯಾಕ್ಟೀರಿಯಾ ಆ ಮೈಯನ್ನು ಒಮ್ಮೆ ಹೊಕ್ಕು ಹೋಗಿದೆ ಎಂದೇ ಅರ್ಥ. ಊರ ನಾಯಿಗಳ ರಕ್ತವನ್ನೂ ತೆಗೆಯುವುದುಂಟು. ನಾಯಿ ಇಲಿ ತಿನ್ನುತ್ತದೆ, ಪ್ಲೇಗಿಗೆ ಸುಲಭವಾಗಿ ಸಾಯುವುದಿಲ್ಲ. ಹತ್ತಾರು ಬಿಲದ ಸುದ್ದಿ ಅದರ ರಕ್ತವೊಂದರಲ್ಲೇ ಸಿಗುತ್ತದೆ. ಈ ಮೂರು ರಾಜ್ಯಗಳ ಮೂಲೆಯಲ್ಲಿ 1966ರ ನಂತರವೂ ಇಲಿಗಳ ರಕ್ತದಲ್ಲಿ ಇಂಥ ಕುರುಹು ಸಿಕ್ಕಿದೆ. ರೋಗ ಮನುಷ್ಯರನ್ನು ಬಿಟ್ಟಿತ್ತು, ನೆಲವನ್ನು ಬಿಟ್ಟಿರಲಿಲ್ಲ.

ಅಮೆರಿಕದಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಅಲ್ಲಿನ ಹುಲ್ಲುಗಾವಲುಗಳಲ್ಲಿ ಪ್ರೇರಿ ಡಾಗ್ ಎಂಬ ಪ್ರಾಣಿಯಿದೆ. ಹೆಸರಿಗೆ ನಾಯಿ, ಜಾತಿಯಲ್ಲಿ ಅಳಿಲು. ನೂರಾರು ಒಟ್ಟಿಗೆ ಬಿಲದ ಊರು ಕಟ್ಟಿಕೊಂಡು ಬಾಳುತ್ತವೆ. 1900ರಲ್ಲಿ ಸಾನ್‌ಫ್ರಾನ್ಸಿಸ್ಕೊ ಬಂದರಿಗೆ ಹಡಗಿನಲ್ಲಿ ಬಂದ ಪ್ಲೇಗ್ ಮುಂದೆ ಇವುಗಳ ಬಿಲಕ್ಕೂ ಇಳಿಯಿತು. ಇವಕ್ಕೆ ನಮ್ಮ ಜರ್ಬಿಲ್‌ನ ತಾಳಿಕೆ ಇಲ್ಲ. ಪ್ಲೇಗ್ ಹೊಕ್ಕರೆ ಇಡೀ ಕಾಲೊನಿಯೇ ನಿರ್ನಾಮ. ನಿನ್ನೆ ಗಿಜಿಗುಡುತ್ತಿದ್ದ ಬಿಲದೂರು ಇಂದು ಮೌನವಾದರೆ ಅಲ್ಲಿಯವರು ಎಚ್ಚರಗೊಳ್ಳುತ್ತಾರೆ. ಕೋಲಾರದಲ್ಲಿ ಹಾಗಲ್ಲ. ಬದುವಿನ ಇಲಿ ಆರಾಮವಾಗಿ ಓಡಾಡಿಕೊಂಡೇ ಇರಬಹುದು, ಬಿಲ ತೆರೆದೇ ಇರಬಹುದು. ಹಾಗಾಗಿ ಕಣ್ಣಿಗೆ ಕಾಣುವುದನ್ನು ನಂಬಿ ಕೂರುವಂತಿಲ್ಲ; ಹಿಡಿದು ರಕ್ತ ನೋಡಲೇಬೇಕು.

ಇಷ್ಟು ಓದಿದವರಿಗೆ, ಇಲಿಗಳನ್ನೆಲ್ಲ ಕೊಂದುಬಿಟ್ಟರೆ ಆಯಿತಲ್ಲ ಎನಿಸಬಹುದು. ಪ್ಲೇಗಿನ ಸಂಶಯವಿರುವ ಊರಿನಲ್ಲಿ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಇಲಿ ಸತ್ತರೆ ಚಿಗಟ ಬದುಕಿರುತ್ತದೆ, ನಮ್ಮನ್ನೇ ಹುಡುಕುತ್ತದೆ. ಅಲ್ಲಿ ಮೊದಲು ಚಿಗಟಕ್ಕೆ ಮದ್ದು, ಆಮೇಲೆ ಇಲಿಗೆ.

ಭಯ ಬೇಡ, ಎಚ್ಚರ ಸಾಕು. ಪಾಷಾಣ ಇಡದಿದ್ದರೂ ಮನೆಯಲ್ಲಿ, ಕಣಜದಲ್ಲಿ ಇಲಿಗಳು ಒಂದರ ಹಿಂದೊಂದು ಬಿದ್ದು ಸತ್ತರೆ ಬಾಲ ಹಿಡಿದು ತಿಪ್ಪೆಗೆ ಎಸೆಯಬಾರದು. ಮಕ್ಕಳನ್ನು ದೂರವಿಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಜೋರು ಜ್ವರದ ಜೊತೆಗೆ ತೊಡೆಸಂದಿಯಲ್ಲೋ ಕಂಕುಳಲ್ಲೋ ನೋವಿನ ಗಡ್ಡೆ ಕಂಡರೆ ಅದೇ ದಿನ ವೈದ್ಯರ ಬಳಿಗೆ ಹೋಗಬೇಕು. ಚಿಕಿತ್ಸೆಯಿಲ್ಲದೆ ಬಿಟ್ಟರೆ ಗಡ್ಡೆ ಪ್ಲೇಗಿನಲ್ಲಿ ನೂರಕ್ಕೆ 30ರಿಂದ 60 ಮಂದಿ ಉಳಿಯುವುದಿಲ್ಲ. ಬೇಗ ಹಿಡಿದರೆ ಸ್ಟ್ರೆಪ್ಟೊಮೈಸಿನ್, ಡಾಕ್ಸಿಸೈಕ್ಲಿನ್‌ನಂಥ ಔಷಧಿಗಳಿಗೆ ಇದು ಬಗ್ಗುತ್ತದೆ. ಅಜ್ಜಂದಿರ ಕಾಲದಲ್ಲಿ ಈ ಔಷಧಿ ಇರಲಿಲ್ಲ, ಊರು ಬಿಡುವುದೊಂದೇ ದಾರಿಯಾಗಿತ್ತು.

ಇನ್ನು ಬದುವಿನ ಮೇಲೆ ತಲೆ ತಗ್ಗಿಸಿ ನಡೆಯುವವರು ಕಂಡರೆ ಅಟ್ಟ ತೋರಿಸಿ ನಗುವ ಬದಲು ಜೀವಂತ ಬಿಲ ಎಲ್ಲಿದೆ ಎಂದು ತೋರಿಸಿ. ಆ ಹೊಲದ ಬಿಲಗಳು ಹೊಲದವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ.